ಬಂದ ಕಿಡ್ನಿಯನ್ನು ಸರ್ಜನ್ ಯಾಕೆ ಬೇಡ ಅನ್ನುತ್ತಾರೆ? ಕಾಯುತ್ತಿರುವ ಮನೆಯವರಿಗೆ ಸಮಗ್ರ ಮಾರ್ಗದರ್ಶಿ

ಹುಬ್ಬಳ್ಳಿಯ ಯಾವ ಡಯಾಲಿಸಿಸ್ ಸೆಂಟರ್‌ನ ಹೊರಗೆ ಕೂತರೂ ಒಂದಲ್ಲ ಒಂದು ದಿನ ಈ ಮಾತು ಕಿವಿಗೆ ಬೀಳುತ್ತದೆ: "ಕಿಡ್ನಿ ಬಂದಿತ್ತಂತ್ರೀ. ಡಾಕ್ಟ್ರು ಬ್ಯಾಡ ಅಂದ್ರಂತ." ಹೇಳುವವರ ದನಿಯಲ್ಲಿ ಅನುಮಾನ ಇರುತ್ತದೆ. ದುಡ್ಡಿದ್ದವರಿಗೆ ಕೊಟ್ಟರೇನೋ, ನಮ್ಮನ್ನು ಕೈಬಿಟ್ಟರೇನೋ ಅಂತ. ಗದಗಿನಿಂದಲೋ ಹಾವೇರಿಯಿಂದಲೋ ವಾರಕ್ಕೆ ಮೂರು ಸಲ ಬಂದು ಹೋಗುವವರಿಗೆ ಆ ಅನುಮಾನ ಬಂದರೆ ತಪ್ಪೇನಿಲ್ಲ. ಯಾಕೆ ಬೇಡ ಅಂದರು ಅಂತ ಯಾರೂ ಕೂರಿಸಿ ಹೇಳಿರುವುದಿಲ್ಲ, ಅಲ್ವಾ.

ಫೋನ್ ಬಂದ ಗಳಿಗೆಯಿಂದ ಸರ್ಜನ್ "ಹೂಂ" ಅನ್ನುವವರೆಗೆ ಏನೇನು ನೋಡುತ್ತಾರೆ, ಆ ಹೊತ್ತಿಗೆ ನೀವೇನು ಮಾಡಬೇಕು ಅಂತ ಇಲ್ಲಿ ಬರೆದಿದ್ದೇನೆ. ಜಾಸ್ತಿ ಮಾತು ಕಿಡ್ನಿಯ ಬಗ್ಗೆಯೇ ಇರುತ್ತದೆ, ಯಾಕೆಂದರೆ ಹೆಚ್ಚಿನವರು ಕಾಯುತ್ತಿರುವುದು ಕಿಡ್ನಿಗೇ. ಲಿವರ್, ಹೃದಯ, ಶ್ವಾಸಕೋಶ ನಡುನಡುವೆ ಬರುತ್ತವೆ.

ಓದುವಾಗ ಒಂದು ವಿಷಯ ನೆನಪಿರಲಿ. ಸರ್ಜನ್ ಅಂಗವನ್ನು ಮಾತ್ರ ತೂಗುವುದಿಲ್ಲ. ಈ ಅಂಗ, ಈ ಪೇಷಂಟ್, ಈ ರಾತ್ರಿ, ಮೂರನ್ನೂ ಒಟ್ಟಿಗೆ ತೂಗುತ್ತಾರೆ. ಹಾಗಾಗಿ ಒಬ್ಬರಿಗೆ ಬೇಡ ಅಂದ ಕಿಡ್ನಿಯನ್ನೇ ಇನ್ನೊಬ್ಬರಿಗೆ ಹಾಕುವುದುಂಟು. ಅದರಲ್ಲಿ ಮೋಸ ಇರಲೇಬೇಕು ಅಂತಿಲ್ಲ.

ಹಂತ 1: ಅಂಗ ಯಾರ ಮೂಲಕ ಬರುತ್ತದೆ ಅಂತ ತಿಳಿದುಕೊಳ್ಳಿ

ನಮ್ಮ ದೇಶದಲ್ಲಿ ಹೆಚ್ಚಿನ ಕಿಡ್ನಿ ಕಸಿ ನಡೆಯುವುದು ಮನೆಯವರೇ ಕೊಟ್ಟಾಗ. ತಾಯಿ, ಹೆಂಡತಿ, ಅಣ್ಣ, ತಂಗಿ. ಅದು ಬೇರೆ ದಾರಿ, ಇಲ್ಲಿ ಬಿಟ್ಟಿದ್ದೇನೆ. ಇಲ್ಲಿರುವುದು ಬ್ರೇನ್ ಡೆಡ್ (ಮಿದುಳು ಪೂರ್ತಿ ಸತ್ತು, ತಿರುಗಿ ಬರದ ಸ್ಥಿತಿ) ಆದವರಿಂದ ಬರುವ ಅಂಗಗಳ ಮಾತು.

ಬ್ರೇನ್ ಡೆಡ್ ಅಂತ ಒಬ್ಬರೇ ಡಾಕ್ಟರ್ ಹೇಳಿದರೆ ಆಗುವುದಿಲ್ಲ. 1994ರ ಅಂಗಾಂಗ ಕಸಿ ಕಾಯ್ದೆಯ ಪ್ರಕಾರ 4 ಜನ ಡಾಕ್ಟರ್‌ಗಳ ತಂಡ ಪರೀಕ್ಷೆ ಮಾಡಬೇಕು. ಕನಿಷ್ಠ 6 ಗಂಟೆ ಬಿಟ್ಟು ಅದೇ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಬೇಕು. ಕಸಿ ಮಾಡುವ ಸರ್ಜನ್ ಆ ತಂಡದಲ್ಲಿ ಇರುವಂತಿಲ್ಲ. ಆಮೇಲೆ ಮನೆಯವರು ಒಪ್ಪಬೇಕು, ಸಹಿ ಹಾಕಬೇಕು. ಅಪಘಾತದ ಕೇಸಾದರೆ ಪೊಲೀಸರ ಕಾಗದವೂ ಬೇಕು. ಇಷ್ಟೆಲ್ಲ ಆಗುವಷ್ಟರಲ್ಲಿ ಒಂದು ದಿನ ಕಳೆದುಹೋಗುವುದುಂಟು.

ಯಾರಿಗೆ ಕೊಡಬೇಕು ಅನ್ನುವ ಪಟ್ಟಿ ಸರ್ಜನ್ ಕೈಯಲ್ಲಿ ಇಲ್ಲ. ನಮ್ಮ ರಾಜ್ಯದಲ್ಲಿ ಅದನ್ನು ಜೀವಸಾರ್ಥಕತೆ ಅನ್ನುವ ಸರ್ಕಾರಿ ಸಂಸ್ಥೆ ನೋಡಿಕೊಳ್ಳುತ್ತದೆ. ರಾಷ್ಟ್ರ ಮಟ್ಟದಲ್ಲಿ ಇದೇ ಕೆಲಸಕ್ಕೆ ಇರುವ ಸಂಸ್ಥೆ ನೋಟೋ (NOTTO). ಕಿಡ್ನಿಯ ಪಟ್ಟಿಯಲ್ಲಿ ರಕ್ತದ ಗುಂಪು, ಡಯಾಲಿಸಿಸ್ ಶುರುವಾಗಿ ಎಷ್ಟು ಕಾಲ ಆಯಿತು, ವಯಸ್ಸು, ಕೈಯಲ್ಲಿ ಫಿಸ್ಟುಲಾ (ಡಯಾಲಿಸಿಸ್ ಸೂಜಿ ಚುಚ್ಚಲು ಜೋಡಿಸುವ ರಕ್ತನಾಳ) ಮಾಡಲು ಜಾಗ ಉಳಿದಿದೆಯೋ ಇಲ್ಲವೋ, ಇಂಥವು ಲೆಕ್ಕಕ್ಕೆ ಬರುತ್ತವೆ. ಪಟ್ಟಿಯಲ್ಲಿ ಹೆಸರು ಬಂದ ಮೇಲೆ ಆ ಅಂಗ ನಿಮಗೆ ಸರಿಯೋ ಅಲ್ಲವೋ ಅಂತ ನೋಡುವುದಷ್ಟೇ ಸರ್ಜನ್ ಕೆಲಸ.

ನೀವು ಮಾಡಬೇಕಾದ್ದು: ಹೆಸರು ನಿಜಕ್ಕೂ ನೋಂದಣಿ ಆಗಿದೆಯಾ ಅಂತ ಆಸ್ಪತ್ರೆಯ ಟ್ರಾನ್ಸ್‌ಪ್ಲಾಂಟ್ ಕೋಆರ್ಡಿನೇಟರ್ ಹತ್ತಿರ ಕೇಳಿ, ನೋಂದಣಿ ಸಂಖ್ಯೆ ಬರೆದುಕೊಳ್ಳಿ. "ಫೈಲ್ ಕೊಟ್ಟೇವ್ರಿ" ಅಂದರೆ ಸಾಲದು. ಫೈಲ್ ಕೊಟ್ಟ ಮೇಲೆ ಒಂದು ಟೆಸ್ಟ್ ಬಾಕಿ ಉಳಿದು ಹೆಸರು ಏರದೇ ಇರುವುದು ಎಷ್ಟೋ ಸಲ ಆಗುತ್ತದೆ. 65 ದಾಟಿದವರು ನಮಗಿಲ್ಲ ಅಂದುಕೊಂಡು ಕೂರಬೇಡಿ. ಆ ವಯಸ್ಸಿನ ಮಿತಿಯನ್ನು 2023ರಲ್ಲಿ ತೆಗೆದಿದ್ದಾರೆ.

ಹಂತ 2: ಫೋನಿನಲ್ಲಿ ಸರ್ಜನ್ ಕೇಳುವ ಪ್ರಶ್ನೆಗಳು

ಫೋನ್ ಬರುವುದು ಹೆಚ್ಚಾಗಿ ಹೊತ್ತಲ್ಲದ ಹೊತ್ತಿನಲ್ಲಿ. ದಾನಿಯ ವಯಸ್ಸು, ಹೇಗೆ ಆಯಿತು, ಮುಂಚೆ ಬಿಪಿ ಶುಗರ್ ಇತ್ತಾ, ಹೃದಯ ಒಮ್ಮೆ ನಿಂತು ಮತ್ತೆ ಶುರುವಾಗಿತ್ತಾ, ನಿಂತದ್ದು ಎಷ್ಟು ನಿಮಿಷ, ಬಿಪಿ ಹಿಡಿದಿಡಲು ಎಷ್ಟು ಔಷಧ ಹೋಗುತ್ತಿದೆ, ಗಂಟೆಗೆ ಮೂತ್ರ ಎಷ್ಟು, ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹಾಕಬೇಕಾದ, ರಕ್ತದಲ್ಲಿನ ಕಸ) ಎಷ್ಟು. ಇವೇ ಮೊದಲ ಪ್ರಶ್ನೆಗಳು.

ನಾವೆಲ್ಲ ಎಡವುವುದು ಕ್ರಿಯಾಟಿನಿನ್‌ನಲ್ಲೇ. ನಮಗೆ ಅದೊಂದು ಅಂಕಿ: ಕಡಿಮೆ ಇದ್ದರೆ ಒಳ್ಳೆಯದು, ಜಾಸ್ತಿ ಇದ್ದರೆ ಕೆಟ್ಟದು. ಸರ್ಜನ್ ಹಾಗೆ ಓದುವುದಿಲ್ಲ. ಇಬ್ಬರು ದಾನಿಗಳನ್ನು ಊಹಿಸಿಕೊಳ್ಳಿ. ಒಬ್ಬ 28 ವರ್ಷದ ಹುಡುಗ, ಬೈಪಾಸ್‌ನಲ್ಲಿ ಬೈಕ್ ಅಪಘಾತ. ಆಸ್ಪತ್ರೆಗೆ ಬಂದಾಗ ಕ್ರಿಯಾಟಿನಿನ್ 0.9 ಇತ್ತು, ಈಗ 2.4. ಇನ್ನೊಬ್ಬರು 63 ವರ್ಷದವರು, ಬಿಪಿ ಏರಿ ಮಿದುಳಲ್ಲಿ ರಕ್ತನಾಳ ಒಡೆದಿದೆ. ಹತ್ತು ವರ್ಷದಿಂದ ಶುಗರ್. ಕ್ರಿಯಾಟಿನಿನ್ ಬರೀ 1.4. ಯಾರ ಕಿಡ್ನಿ ತಗೊಳ್ಳುತ್ತೀರಿ?

ಬಹಳ ಸರ್ಜನ್‌ಗಳು ಆ ಹುಡುಗನ 2.4ರ ಕಿಡ್ನಿಗೆ ಕೈ ಚಾಚುತ್ತಾರೆ. ಅವನ ಕಿಡ್ನಿ ಮೂಲದಲ್ಲಿ ಗಟ್ಟಿ. ರಕ್ತ ಹೋಗಿ, ಬಿಪಿ ಬಿದ್ದು, ಎರಡು ದಿನ ಪೆಟ್ಟು ತಿಂದಿದೆ ಅಷ್ಟೇ. ಹಾಕಿದ ಮೇಲೆ ಕೆಲವು ದಿನ ಮೂತ್ರ ಬರದೇ ಇರಬಹುದು, ನಡುವೆ ಡಯಾಲಿಸಿಸ್ ಬೇಕಾಗಬಹುದು, ಆದರೆ ಚೇತರಿಸಿಕೊಳ್ಳುವ ಸಾಧ್ಯತೆ ಜಾಸ್ತಿ. ಹಿರಿಯರ ಕಿಡ್ನಿ ವರ್ಷಗಟ್ಟಲೆ ನಿಧಾನವಾಗಿ ಸವೆದಿದೆ. ಸವೆದದ್ದು ತಿರುಗಿ ಬರುವುದಿಲ್ಲ. ಹಾಗಾಗಿ ಸರ್ಜನ್‌ಗೆ ಬೇಕಾಗಿರುವುದು ಮೊದಲ ದಿನದ ಕ್ರಿಯಾಟಿನಿನ್ ಮತ್ತು ಇವತ್ತಿನದು, ಎರಡೂ.

ಅಮೆರಿಕದವರು 2002ರಲ್ಲಿ ಇದಕ್ಕೊಂದು ಗೆರೆ ಎಳೆದರು. ದಾನಿಗೆ 60 ದಾಟಿದ್ದರೆ, ಅಥವಾ 50ರಿಂದ 59ರೊಳಗಿದ್ದು ಮೂರರಲ್ಲಿ ಎರಡು ಇದ್ದರೆ (ಬಿಪಿ ಕಾಯಿಲೆ, 1.5 ಮೀರಿದ ಕ್ರಿಯಾಟಿನಿನ್, ಸ್ಟ್ರೋಕ್‌ನಿಂದ ಸಾವು), ಆ ಕಿಡ್ನಿಯನ್ನು ಬೇರೆ ಸಾಲಿಗೆ ಹಾಕುತ್ತಿದ್ದರು. ಬಿಸಾಡುವ ಸಾಲು ಅಲ್ಲ ಅದು. ಪೇಷಂಟಿಗೆ ಹೇಳಿ, ಒಪ್ಪಿಸಿ ಹಾಕುವ ಸಾಲು. ನಮ್ಮಲ್ಲಿ ಇದಕ್ಕೆ "ಮಾರ್ಜಿನಲ್ ಕಿಡ್ನಿ" ಅನ್ನುತ್ತಾರೆ. ಈ ಮಾತು ಡಾಕ್ಟರ್ ಬಾಯಲ್ಲಿ ಬಂದರೆ ಗಾಬರಿಯಾಗಬೇಡಿ, ಹಂತ 6ಕ್ಕೆ ಹೋಗಿ.

ಹಂತ 3: ಅಂಗದ ಜೊತೆ ಬೇರೇನಾದರೂ ಬರುತ್ತದಾ?

ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ಪರೀಕ್ಷೆ ಎಲ್ಲ ದಾನಿಗಳಿಗೂ ಆಗುತ್ತದೆ. ಕ್ಯಾನ್ಸರ್ ಹರಡಿದ್ದರೆ ಬೇಡ. ಮಿದುಳಿನ ಕೆಲವು ಗೆಡ್ಡೆಗಳು ಅಲ್ಲಿಂದ ಹೊರಗೆ ಹೋಗುವುದು ಅಪರೂಪ, ಅಂಥವರ ಅಂಗ ತೆಗೆದುಕೊಳ್ಳುವುದುಂಟು.

ಸರ್ಜನ್‌ಗೆ ನಿಜಕ್ಕೂ ಹೆದರಿಕೆ ಇರುವುದು ಕಾರಣ ಗೊತ್ತಿಲ್ಲದ ಮಿದುಳು ಜ್ವರಕ್ಕೆ. 2004ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಒಬ್ಬ ದಾನಿಗೆ ರೇಬಿಸ್ ಇದ್ದದ್ದು ಯಾರಿಗೂ ಗೊತ್ತಾಗಲಿಲ್ಲ. ಅವನ ಅಂಗಾಂಶ ಪಡೆದ 4 ಜನ ರೇಬಿಸ್‌ನಿಂದಲೇ ತೀರಿಕೊಂಡರು. ನಾಯಿ ಕಚ್ಚುವುದು ನಮ್ಮ ಓಣಿಗಳಲ್ಲಿ ದಿನದ ಸುದ್ದಿ. ಹಾಗಾಗಿ ಜ್ವರ ಬಂದು, ಪ್ರಜ್ಞೆ ತಪ್ಪಿ, ಯಾಕೆ ಅಂತ ತಿಳಿಯದೇ ಹೋದವರ ಅಂಗಕ್ಕೆ "ಬೇಡ" ಅನ್ನುವ ಸರ್ಜನ್ ಸರಿಯಾದ್ದನ್ನೇ ಮಾಡುತ್ತಿದ್ದಾರೆ.

ಹಾವೇರಿ, ಗದಗ ಕಡೆಯ ಎರಡು ಸಂಗತಿ ಇಲ್ಲಿ ಹೇಳಲೇಬೇಕು: ಹಾವು ಕಡಿತ, ಹೊಲದ ಎಣ್ಣೆ (ಕೀಟನಾಶಕ) ಕುಡಿದ ಕೇಸು. ನಾಗರ ಅಥವಾ ಕಟ್ಟಹಾವು ಕಡಿದವರಿಗೆ ನರಗಳು ಪೂರ್ತಿ ಕಟ್ಟಿಹೋಗಿ, ಕಣ್ಣಿನ ಪಾಪೆಯೂ ಅಲುಗದೇ, ನೋಡಲು ಬ್ರೇನ್ ಡೆಡ್ ಥರಾನೇ ಕಾಣುವುದುಂಟು. ಔಷಧ ಕೊಟ್ಟು, ವೆಂಟಿಲೇಟರ್‌ನಲ್ಲಿಟ್ಟು ಕಾದರೆ ಎದ್ದು ಕೂರುತ್ತಾರೆ. ಕೀಟನಾಶಕದ ಕೆಲವು ಕೇಸೂ ಹಾಗೆಯೇ. ಅದಕ್ಕೇ ವಿಷ ಇಳಿಯುವವರೆಗೆ ಬ್ರೇನ್ ಡೆಡ್ ಪರೀಕ್ಷೆಯನ್ನೇ ಶುರು ಮಾಡಬಾರದು. ಮಂಡಲದ ಹಾವಿನ ವಿಷ ಕಿಡ್ನಿಯನ್ನೇ ಕೆಡಿಸುತ್ತದೆ, ಅಲ್ಲಿ ಸರ್ಜನ್ ಇನ್ನೂ ಹಿಂಜರಿಯುತ್ತಾರೆ. ಪ್ಯಾರಾಕ್ವಾಟ್ ಅನ್ನುವ ಕಳೆನಾಶಕ ಕುಡಿದಿದ್ದರೆ ಕಿಡ್ನಿ, ಶ್ವಾಸಕೋಶ ಎರಡೂ ಹೋಗಿರುತ್ತವೆ.

ಹಂತ 4: ಕಣ್ಣಾರೆ ನೋಡುವುದು, ಕೈಯಾರೆ ಮುಟ್ಟುವುದು

ಫೋನಿನಲ್ಲಿ ಹೂಂ ಅಂದರೂ ಅದು ಅರ್ಧ ಹೂಂ. ಪೂರ್ತಿ ನಿರ್ಧಾರ ಆಗುವುದು ದಾನಿಯ ಆಪರೇಷನ್ ಥಿಯೇಟರ್‌ನಲ್ಲಿ. ತಣ್ಣನೆಯ ದ್ರವ ಹರಿಸಿದಾಗ ಕಿಡ್ನಿ ಎಲ್ಲ ಕಡೆ ಒಂದೇ ಸಮ ಬಿಳಿಚಿಕೊಳ್ಳಬೇಕು. ಅಲ್ಲಲ್ಲಿ ನೀಲಿ ಕಲೆ ಉಳಿದರೆ ಆ ಭಾಗಕ್ಕೆ ರಕ್ತ ಹೋಗಿಲ್ಲ ಅಂತ. ರಕ್ತನಾಳ ಒಂದೇ ಇದೆಯೋ ಎರಡು ಮೂರು ಇವೆಯೋ, ನಾಳದ ಬಾಯಲ್ಲಿ ಕೊಬ್ಬು ಕಟ್ಟಿ ಗಟ್ಟಿಯಾಗಿದೆಯೋ, ತೆಗೆಯುವಾಗ ಹರಿದಿದೆಯೋ ಅಂತ ಬೆರಳಿನಿಂದಲೇ ತಡವಿ ನೋಡುತ್ತಾರೆ. ಅನುಮಾನ ಬಂದರೆ ಚೂರು ತೆಗೆದು ಬಯಾಪ್ಸಿ. ಸೋಸುವ ಗಂಟುಗಳಲ್ಲಿ ಶೇ 20ಕ್ಕಿಂತ ಜಾಸ್ತಿ ಕಲೆಗಟ್ಟಿದ್ದರೆ ಹಿಂದೆ ಸರಿಯುವವರು ಬಹಳ.

ಲಿವರ್‌ನಲ್ಲಿ ಕಣ್ಣಿನ ಕೆಲಸ ಇನ್ನೂ ಜಾಸ್ತಿ. ಅಂಚು ಚೂಪಾಗಿ, ಕಂದು ಕೆಂಪಾಗಿದ್ದರೆ ಖುಷಿ. ಅಂಚು ದುಂಡಗಾಗಿ, ಹಳದಿ ತಿರುಗಿದ್ದರೆ ಕೊಬ್ಬು ತುಂಬಿದೆ ಅಂತ. ದೊಡ್ಡ ಹನಿಯ ಕೊಬ್ಬು ಶೇ 30ರ ಒಳಗಿದ್ದರೆ ಸಾಮಾನ್ಯವಾಗಿ ಸೈ, 60 ದಾಟಿದರೆ ಬೇಡ, ನಡುವಿನದಕ್ಕೆ ಪೇಷಂಟ್ ನೋಡಿ ತೀರ್ಮಾನ. ಕುಡಿಯದವರ ಲಿವರ್‌ನಲ್ಲೂ ಕೊಬ್ಬು ಇರುತ್ತದೆ ಅನ್ನುವುದು ನಮ್ಮ ಜನಕ್ಕೆ ನಂಬಿಕೆಯೇ ಬರುವುದಿಲ್ಲ.

ಹೃದಯಕ್ಕೆ ಎಕೋ (ಹೃದಯದ ಸ್ಕ್ಯಾನ್) ಮಾಡುತ್ತಾರೆ, ದಾನಿಗೆ 40–45 ದಾಟಿದ್ದರೆ ಆಂಜಿಯೋಗ್ರಾಮ್ ಕೇಳುತ್ತಾರೆ, ಅಳತೆ ಹೊಂದುತ್ತದಾ ನೋಡುತ್ತಾರೆ. ಸಣ್ಣ ಮೈಕಟ್ಟಿನ ದಾನಿಯ ಹೃದಯ ದೊಡ್ಡ ಆಳಿಗೆ ಸಾಲದು. ಶ್ವಾಸಕೋಶ ಎಲ್ಲಕ್ಕಿಂತ ನಾಜೂಕು. ವೆಂಟಿಲೇಟರ್‌ನಲ್ಲಿ ಎರಡು ದಿನ ಇದ್ದರೆ ಸೋಂಕು ಹತ್ತುವುದುಂಟು. ನೂರಕ್ಕೆ ನೂರು ಆಮ್ಲಜನಕ ಕೊಟ್ಟಾಗ ರಕ್ತದಲ್ಲಿ ಅದರ ಒತ್ತಡ 300 ದಾಟಬೇಕು ಅನ್ನುವುದು ಹಳೆಯ ಅಳತೆಗೋಲು.

ಹಂತ 5: ಗಡಿಯಾರ ಮತ್ತು ರಸ್ತೆ

ದೇಹದಿಂದ ತೆಗೆದ ಅಂಗವನ್ನು ಸುಮಾರು 4 ಡಿಗ್ರಿ ತಣ್ಪಿನಲ್ಲಿ ಇಟ್ಟರೆ ಹೃದಯ ಸುಮಾರು 4 ಗಂಟೆ, ಶ್ವಾಸಕೋಶ 6, ಲಿವರ್ 8ರಿಂದ 12, ಕಿಡ್ನಿ 24 ಗಂಟೆ ತಾಳುತ್ತವೆ. ಕಿಡ್ನಿಯನ್ನು 36ರವರೆಗೂ ಎಳೆಯಬಹುದು, ಆದರೆ ಗಂಟೆ ಕಳೆದಂತೆ ಅದು ಎಚ್ಚರಗೊಳ್ಳುವುದು ತಡ.

ಈಗ ನಮ್ಮ ನಕ್ಷೆಯ ಮೇಲೆ ಇಟ್ಟು ನೋಡಿ. ಧಾರವಾಡದಿಂದ ಹುಬ್ಬಳ್ಳಿ 20 ಕಿ.ಮೀ. ಕಿಡ್ನಿಗೆ ಅದು ದಾರಿಯೇ ಅಲ್ಲ. ಧಾರವಾಡದಿಂದ ಬೆಳಗಾವಿ ಸುಮಾರು 80 ಕಿ.ಮೀ., ಝೀರೋ ಟ್ರಾಫಿಕ್ ಮಾಡಿಕೊಟ್ಟರೆ ಹೃದಯಕ್ಕೂ ಆಗುತ್ತದೆ. ಬೆಂಗಳೂರು 400 ಕಿ.ಮೀ. ಮೇಲೆ. ರಸ್ತೆಯಲ್ಲಿ ಆರೇಳು ಗಂಟೆ. ಕಿಡ್ನಿ ಹೋಗಬಹುದು, ಲಿವರ್ ಏದುಸಿರು ಬಿಡುತ್ತಾ ಹೋಗಬಹುದು, ಹೃದಯ ಆಗದು. ವಿಮಾನವೇ ಬೇಕು. ಹುಬ್ಬಳ್ಳಿ ವಿಮಾನ ನಿಲ್ದಾಣ ಊರೊಳಗೇ ಗೋಕುಲ ರೋಡಿನಲ್ಲಿದೆ, ಅದು ಅನುಕೂಲ. ಆದರೆ ಆ ತುದಿಯಲ್ಲಿ ದೇವನಹಳ್ಳಿಯಿಂದ ಊರೊಳಗೆ ಬರಬೇಕು. ಹಾರಾಟ ಒಂದು ಗಂಟೆ ಅಂದರೂ ಎರಡೂ ಕಡೆಯ ರಸ್ತೆ, ಹೊಲಿಗೆಯ ಸಮಯ ಸೇರಿದರೆ 4 ಗಂಟೆ ತುಂಬಿಯೇ ಹೋಗುತ್ತದೆ. ಟಿವಿಯಲ್ಲಿ ಆಂಬುಲೆನ್ಸ್ ಓಡುವುದನ್ನು ತೋರಿಸುತ್ತಾರೆ. ಸರ್ಜನ್ ಈ ಕೂಡುವ ಲೆಕ್ಕವನ್ನು ಆಂಬುಲೆನ್ಸ್ ಹೊರಡುವ ಎಷ್ಟೋ ಮೊದಲೇ ಮಾಡಿರುತ್ತಾರೆ. ಲೆಕ್ಕ ಕೂಡದಿದ್ದರೆ ಚೆನ್ನಾಗಿರುವ ಹೃದಯಕ್ಕೂ ಬೇಡ ಅನ್ನಬೇಕಾಗುತ್ತದೆ.

ಹಂತ 6: ಯಾರಿಗೆ ಹಾಕುವುದು ಅನ್ನುವ ತೂಕ

ಮೊದಲು ಕ್ರಾಸ್‌ಮ್ಯಾಚ್. ದಾನಿಯ ಜೀವಕೋಶ, ನಿಮ್ಮ ರಕ್ತದ ಸೀರಂ (ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ) ಎರಡನ್ನೂ ಸೇರಿಸಿ ನೋಡುತ್ತಾರೆ. ನಿಮ್ಮ ರಕ್ತ ಆ ಜೀವಕೋಶಗಳನ್ನು ಕೊಂದರೆ ಕಿಡ್ನಿಯನ್ನೂ ಹಾಕಿದ ಕೆಲವೇ ಹೊತ್ತಿನಲ್ಲಿ ಕೊಲ್ಲುತ್ತದೆ ಅಂತ ಅರ್ಥ. ಈ ಪರೀಕ್ಷೆಯ ಬೆಲೆ 1969ರಲ್ಲೇ ಸಾಬೀತಾಯಿತು. ಇದು ಪಾಸಿಟಿವ್ ಬಂದರೆ ಎಂಥ ಒಳ್ಳೆಯ ಕಿಡ್ನಿಯೂ ನಿಮಗಲ್ಲ. ಹಲವು ಸಲ ಬಸಿರಾದ ಹೆಣ್ಣುಮಕ್ಕಳಿಗೆ, ಪದೇ ಪದೇ ರಕ್ತ ಏರಿಸಿಕೊಂಡವರಿಗೆ ಹೀಗಾಗುವುದು ಜಾಸ್ತಿ. ಹಾಗಾಗಿ ಹಿಮೋಗ್ಲೋಬಿನ್ ಇಳಿದ ತಕ್ಷಣ "ಒಂದು ಬಾಟ್ಲಿ ರಕ್ತ ಹಾಕಿಸ್ರೀ" ಅಂತ ನೀವೇ ಒತ್ತಾಯ ಮಾಡಬೇಡಿ. ಇಂಜೆಕ್ಷನ್‌ನಿಂದ ಏರಿಸಲು ಆಗುತ್ತದಾ ಅಂತ ನಿಮ್ಮ ನೆಫ್ರಾಲಜಿಸ್ಟ್ (ಕಿಡ್ನಿ ಡಾಕ್ಟರ್) ಹತ್ತಿರ ಕೇಳಿ.

ಇನ್ನು ಮಾರ್ಜಿನಲ್ ಕಿಡ್ನಿ. 25 ವರ್ಷದ ಹುಡುಗಿ, ಡಯಾಲಿಸಿಸ್ ಚೆನ್ನಾಗಿ ನಡೆದಿದೆ, ಅವಳಿಗೆ 63ರ ಕಿಡ್ನಿ ಹಾಕಲು ಸರ್ಜನ್ ಮನಸ್ಸು ಒಪ್ಪುವುದಿಲ್ಲ. ಅವಳಿಗೆ ಬಹಳ ವರ್ಷ ಬಾಳುವ ಕಿಡ್ನಿ ಬೇಕು. ಅದೇ 60 ವರ್ಷದ ಒಬ್ಬರಿಗೆ ಎರಡೂ ಕೈಯ ಫಿಸ್ಟುಲಾ ಕೆಟ್ಟು, ಕುತ್ತಿಗೆಯ ಕ್ಯಾಥೆಟರ್‌ಗೂ ಸೋಂಕು ಹತ್ತುತ್ತಿದ್ದರೆ, ಕಾಯುವುದೇ ದೊಡ್ಡ ಅಪಾಯ. ಅವರಿಗೆ ಆ ಕಿಡ್ನಿ ವರ. ಲಿವರ್, ಹೃದಯದವರಿಗೆ ಡಯಾಲಿಸಿಸ್‌ನಷ್ಟು ಸುಲಭವಾಗಿ ದಿನ ದೂಡುವ ದಾರಿ ಇಲ್ಲ. ಹಾಗಾಗಿ ಅಲ್ಲಿ ಕಾಯಿಲೆ ಕೈಮೀರಿದವರಿಗೆ ಸ್ವಲ್ಪ ಕಡಿಮೆ ಗುಣಮಟ್ಟದ ಅಂಗವನ್ನೂ ಒಪ್ಪುತ್ತಾರೆ.

ಸರ್ಜನ್‌ಗಳು ಯಾವಾಗಲೂ ಸರಿಯಾ? ಇಲ್ಲ ಅಂತ ನನ್ನ ಅನಿಸಿಕೆ. ಹಿಂದಿನ ತಿಂಗಳು ಒಂದು ಕಿಡ್ನಿ ಕೈಕೊಟ್ಟಿದ್ದರೆ ಈ ತಿಂಗಳು ಕೈ ನಡುಗುತ್ತದೆ. ಮೊದಲ ನಾಲ್ಕು ಆಸ್ಪತ್ರೆ ಬೇಡ ಅಂದಿದ್ದರೆ ಐದನೆಯವರು ನೋಡುವ ಮೊದಲೇ ಅನುಮಾನಿಸುತ್ತಾರೆ. 2004ರಿಂದ 2014ರವರೆಗಿನ ಲೆಕ್ಕ ತೆಗೆದರೆ, ತೆಗೆದ ಕಿಡ್ನಿಗಳಲ್ಲಿ ಅಮೆರಿಕದವರು ಬಳಸದೇ ಬಿಟ್ಟದ್ದು ಸುಮಾರು ಶೇ 18, ಫ್ರಾನ್ಸ್‌ನವರು ಬಿಟ್ಟದ್ದು ಸುಮಾರು ಶೇ 9. ಫ್ರಾನ್ಸ್‌ನ ದಾನಿಗಳು ವಯಸ್ಸಿನಲ್ಲಿ ಹಿರಿಯರು, ಆದರೂ. ಅಂದರೆ ಬೇಡ ಅನ್ನುವುದರಲ್ಲಿ ವಿಜ್ಞಾನದ ಜೊತೆ ಅಭ್ಯಾಸ, ಅಂಜಿಕೆಯೂ ಸೇರಿದೆ. ಅದಕ್ಕೇ ನೀವು ಮೊದಲೇ ಕೂತು ಮಾತಾಡಬೇಕು. ಮುಂದಿನ ಒಪಿಡಿಯಲ್ಲಿ ಹೀಗೆ ಕೇಳಿ: "ಡಾಕ್ಟರ್ ಸಾಹೇಬ್ರ, ವಯಸ್ಸಾದವರ ಕಿಡ್ನಿ ಬಂದ್ರ ನಮ್ಮ ಯಜಮಾನರಿಗೆ ತಗೋಬೇಕೋ, ಕಾಯಬೇಕೋ? ಯಾಕ?" ರಾತ್ರಿ ಎರಡು ಗಂಟೆಗೆ ಫೋನಿನಲ್ಲಿ ಈ ಚರ್ಚೆ ಆಗುವುದಿಲ್ಲ.

ಹಂತ 7: ಬೇಡ ಅನ್ನಲು ನೀವು ಕಾರಣ ಆಗಬೇಡಿ

ಇದೊಂದು ಹಂತ ಮಾತ್ರ ಪೂರ್ತಿ ನಿಮ್ಮ ಕೈಯಲ್ಲಿದೆ.

ಎರಡು ಫೋನ್ ನಂಬರ್ ಕೊಡಿ, ಒಂದು ಮನೆಯಲ್ಲೇ ಇರುವವರದು. ಗೊತ್ತಿಲ್ಲದ ನಂಬರ್ ಅಂತ ಕಟ್ ಮಾಡಬೇಡಿ. ನಂಬರ್ ಬದಲಾದರೆ ಅವತ್ತೇ ಹೇಳಿ. ರೋಣ, ಮುಂಡರಗಿ, ಹಾನಗಲ್ಲ ಕಡೆಯವರು ರಾತ್ರಿ ಬಸ್ಸಿಗೆ ಕಾಯುತ್ತಾ ಕೂರುವಂತಿಲ್ಲ. ಕರೆದಾಗ ಬರುವ ಗಾಡಿಯವನನ್ನು ಈಗಲೇ ಮಾತಾಡಿಟ್ಟುಕೊಳ್ಳಿ. ಹೃದಯದ ತಪಾಸಣೆ, ಹಲ್ಲಿನ ತಪಾಸಣೆ, ಹೆಪಟೈಟಿಸ್ ಬಿ ಲಸಿಕೆ ಹಳೆಯದಾಗಲು ಬಿಡಬೇಡಿ. ಸೀರಂ ಸ್ಯಾಂಪಲ್ ಕೊಡಲು ಕರೆದರೆ ಹಬ್ಬ, ಜಾತ್ರೆ ಅನ್ನದೇ ಹೋಗಿ. ಹಳೆಯ ಸೀರಂ ಇಟ್ಟುಕೊಂಡು ಕ್ರಾಸ್‌ಮ್ಯಾಚ್ ಮಾಡಲು ಆಗುವುದಿಲ್ಲ.

ಫೋನ್ ಬಂದಾಗ ಸುಳ್ಳು ಹೇಳಬೇಡಿ. ನಿನ್ನೆಯಿಂದ ಜ್ವರ, ಕಾಲಲ್ಲಿ ಹುಣ್ಣು, ಕೆಮ್ಮು, ಯಾವುದಿದ್ದರೂ ಹೇಳಿಬಿಡಿ. ಕಸಿಯಾದ ಮೇಲೆ ರೋಗ ತಡೆಯುವ ಶಕ್ತಿಯನ್ನು ಔಷಧದಿಂದ ಕುಗ್ಗಿಸುತ್ತಾರೆ, ಮುಚ್ಚಿಟ್ಟ ಸೋಂಕು ಆಗ ಜೀವ ತೆಗೆಯುತ್ತದೆ. ಕರೆ ಬಂದ ಮೇಲೆ ಏನೂ ತಿನ್ನಬೇಡಿ, ಕುಡಿಯಬೇಡಿ, ಅವರು ಹೇಳಿದ ಹಾಗೆ ಮಾಡಿ. ಕೊನೆಯ ಡಯಾಲಿಸಿಸ್ ಯಾವಾಗ ಆಯಿತು ಅಂತ ಬಾಯಲ್ಲೇ ಇರಲಿ. ಒಂದು ಕಿಡ್ನಿಗೆ ಇಬ್ಬರು ಮೂವರನ್ನು ಕರೆಸುವುದು ರೂಢಿ. ಒಬ್ಬರದು ಹೊಂದದಿದ್ದರೆ ಇನ್ನೊಬ್ಬರು ಸಿದ್ಧ ಇರಲಿ ಅಂತ. ಹಾಗಾಗಿ ಹುಬ್ಬಳ್ಳಿಯವರೆಗೆ ಬಂದು ಬರಿಗೈಲಿ ತಿರುಗಿ ಹೋಗುವ ಸರದಿ ನಿಮ್ಮದೂ ಆಗಬಹುದು.

ಬಿಪಿಎಲ್ ಕಾರ್ಡ್ ಇದ್ದವರು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಮೂಲಕ ಕಸಿಗೆ ಸಿಗುವ ನೆರವಿನ ಕಾಗದ ಪತ್ರವನ್ನು ಈಗಲೇ ಮಾಡಿಸಿಡಿ. "ಪಟ್ಟಿಯಲ್ಲಿ ಮೇಲೆ ಹಾಕಿಸ್ತೀನಿ, ಇಷ್ಟು ಕೊಡ್ರೀ" ಅನ್ನುವವರು ಎದುರಾದರೆ ಮಾತು ಬೆಳೆಸಬೇಡಿ. ಅಂಗದ ವ್ಯಾಪಾರಕ್ಕೆ 5ರಿಂದ 10 ವರ್ಷ ಜೈಲು, 20 ಲಕ್ಷದಿಂದ 1 ಕೋಟಿ ರೂಪಾಯಿ ದಂಡ. ಕೊಂಡವರೂ ಅದರಲ್ಲಿ ಸಿಕ್ಕಿಬೀಳುತ್ತಾರೆ.

ಹಂತ 8: ಬೇಡ ಅಂದ ಮರುದಿನ

ಒಂದೆರಡು ದಿನ ಬಿಟ್ಟು ಕೋಆರ್ಡಿನೇಟರ್ ಹತ್ತಿರ ಹೋಗಿ. ದಾನಿ ಯಾರು ಅಂತ ಕೇಳಬೇಡಿ, ಅವರು ಹೇಳುವಂತಿಲ್ಲ. ಕೇಳಬೇಕಾದ್ದು ಒಂದೇ: ಕಾರಣ ಅಂಗದ್ದಾ, ಹೊಂದಾಣಿಕೆಯದ್ದಾ, ಸಮಯದ್ದಾ, ನಮ್ಮ ಪೇಷಂಟಿನದ್ದಾ? ಅಂಗದ್ದು ಅಥವಾ ಸಮಯದ್ದು ಅಂದರೆ ನೀವು ಮಾಡುವುದೇನಿಲ್ಲ, ಪಟ್ಟಿಯಲ್ಲಿನ ಜಾಗ ಹಾಗೇ ಇದೆಯಾ ಅಂತ ಖಾತ್ರಿ ಮಾಡಿಕೊಳ್ಳಿ. ಕ್ರಾಸ್‌ಮ್ಯಾಚ್ ಅಂದರೆ ಆಂಟಿಬಾಡಿ ಪರೀಕ್ಷೆ ಬೇಕಾ ಅಂತ ಕೇಳಿ. ಪೇಷಂಟಿನ ಕಾರಣ ಅಂದರೆ ಅದೇನು ಅಂತ ಚೀಟಿಯಲ್ಲಿ ಬರೆಸಿಕೊಳ್ಳಿ, ಸೋಂಕೋ, ಹೃದಯವೋ, ಬಾಕಿ ಟೆಸ್ಟೋ. ಆ ಚೀಟಿಯನ್ನು ಮುಂದಿನ ಡಯಾಲಿಸಿಸ್ ದಿನ ನೆಫ್ರಾಲಜಿಸ್ಟ್‌ಗೆ ತೋರಿಸಿ. ಹೊರಡುವ ಮುಂಚೆ ಸೀರಂ ಸ್ಯಾಂಪಲ್ ಕೊಡುವ ಮುಂದಿನ ತಾರೀಕನ್ನೂ ಕೇಳಿಕೊಂಡು ಬನ್ನಿ.